ನೋಡಿಲ್ಲ ಅಂದರೆ ಇಲ್ಲ ಅಂತಲ್ಲ

"ಬೆನ್ನಿಗಾನಹಳ್ಳಿ ಕೆರೆನಾ? ಅಲ್ಲೇನಮ್ಮಾ ಇದೆ?"

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಜಾಗ ಆರಿಸಿಕೊಂಡು ಹೋದ ದಿನ ನಮ್ಮ ಗೈಡ್ ಕೇಳಿದ್ದು ಇಷ್ಟೇ. ಬೈಯಲಿಲ್ಲ, ನಗಲೂ ಇಲ್ಲ. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದರು. ಉತ್ತರ ನನಗೂ ಗೊತ್ತಿರಲಿಲ್ಲ. "ಹಕ್ಕಿಗಳಿವೆ ಸರ್" ಎಂದೆ.

"ಹಕ್ಕಿ ಎಲ್ಲಾ ಕಡೆ ಇರ್ತಾವೆ. ಈಗ ಇರೋದನ್ನ ಎಣಿಸ್ತೀಯ, ಸರಿ. ಅದನ್ನ ಯಾವುದರ ಜೊತೆ ಹೋಲಿಸ್ತೀಯ? ಹಳೇ ಡೇಟಾ ಬೇಕಲ್ವಾ? ಲಾಲ್‌ಬಾಗ್ ತಗೋ. ಬೇಕಾದಷ್ಟು ಸಿಗುತ್ತೆ, ಬೇಗ ಮುಗಿಯುತ್ತೆ."

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಬ್ಯಾಚಿನಲ್ಲಿ ಮೂವರು ಲಾಲ್‌ಬಾಗ್ ತೆಗೆದುಕೊಂಡರು, ಇಬ್ಬರು ಕಬ್ಬನ್ ಪಾರ್ಕ್. ನಾನು ಟಿನ್ ಫ್ಯಾಕ್ಟರಿಯೇ ಆಗಬೇಕೆಂದು ಹಟ ಹಿಡಿದದ್ದಕ್ಕೆ ಪರಿಸರ ಪ್ರೇಮ ಕಾರಣ ಎಂದುಕೊಳ್ಳಬೇಡಿ. ಕಾರಣ ರೈಲು. ನಾನು ಮಾಲೂರಿನಿಂದ ದಿನಾ ಪಾಸಿನಲ್ಲಿ ಓಡಾಡುವವಳು. ಕೆ.ಆರ್. ಪುರ ಸ್ಟೇಷನ್ನಿನಲ್ಲಿ ಇಳಿದು, ಹ್ಯಾಂಗಿಂಗ್ ಬ್ರಿಡ್ಜ್ ಪಕ್ಕದಲ್ಲಿ ನಡೆದು ಟಿನ್ ಫ್ಯಾಕ್ಟರಿ ಮುಟ್ಟುವಾಗ ಎಂಟೂವರೆ. ಕಾಲೇಜಿನ ಮೊದಲ ಕ್ಲಾಸು ಹತ್ತಕ್ಕೆ. ಮಧ್ಯದ ಮುಕ್ಕಾಲು ಗಂಟೆ ನನ್ನದು. ಆ ಮುಕ್ಕಾಲು ಗಂಟೆಯಲ್ಲಿ ನಡೆದು ಹೋಗಬಹುದಾದ ಕೆರೆ ಒಂದೇ.

ಟಿನ್ ಫ್ಯಾಕ್ಟರಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಾಲದವರಿಗೆ ಅದು ಫ್ಯಾಕ್ಟರಿಯಲ್ಲ, ಬಸ್ ಸ್ಟಾಪು. ಹಳೇ ಮದ್ರಾಸ್ ರಸ್ತೆಯೂ ರಿಂಗ್ ರೋಡೂ ಅಪ್ಪಳಿಸಿಕೊಳ್ಳುವ ಜಾಗ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ ಬಸ್ಸು, ಕೋಲಾರದ ಕಡೆಯ ಕೆಂಪು ಬಸ್ಸು, ಐ.ಟಿ. ಕಂಪನಿಗಳ ಕ್ಯಾಬು, ಜೋಳ ಸುಡುವವರು, ಸೊಪ್ಪಿನ ಬುಟ್ಟಿಯವರು, ತಲೆ ಮೇಲೆ 2023ರ ಅಕ್ಟೋಬರಿನಲ್ಲಿ ಶುರುವಾದ ಮೆಟ್ರೊ. ಇವೆಲ್ಲದರ ಪಕ್ಕದಲ್ಲೇ, ಯಾರೂ ತಿರುಗಿ ನೋಡದ ಹಾಗೆ, ಬೆನ್ನಿಗಾನಹಳ್ಳಿ ಕೆರೆ.

ಹಳೇ ಡೇಟಾ ಹುಡುಕಲು ಹೊರಟೆ. ಮೊದಲು ಒಂದು ಸರ್ಕಾರಿ ಕಚೇರಿ. ಯಾವುದೆಂದು ಹೇಳುವುದಿಲ್ಲ, ಅಲ್ಲಿನ ಗುಮಾಸ್ತರು ಪಾಪ ಕೂರಿಸಿ ಟೀ ಕೊಟ್ಟರು. ಕೆರೆಗಳ ಕಡತ ತೆಗೆದು ತೋರಿಸಿದರು. ವಿಸ್ತೀರ್ಣ, ಒತ್ತುವರಿ, ತಂತಿ ಬೇಲಿ, ವಾಕಿಂಗ್ ಪಾತ್, ಬೆಂಚು, ಲೈಟು ಕಂಬ, ಖರ್ಚು. ಲೈಟು ಕಂಬಗಳ ಸಂಖ್ಯೆ ಸಮೇತ ಇತ್ತು. ನೀರಿನೊಳಗೆ, ನೀರಿನ ಮೇಲೆ ಬದುಕುವ ಯಾವುದರ ಲೆಕ್ಕವೂ ಇರಲಿಲ್ಲ. "ಮೀನು, ಹಕ್ಕಿ ಎಲ್ಲಾ ನಮ್ಮ ಸಬ್ಜೆಕ್ಟ್ ಅಲ್ಲಮ್ಮ" ಎಂದರು. ಹಾಗಾದರೆ ಯಾರ ಸಬ್ಜೆಕ್ಟು ಎಂದು ಅವರಿಗೂ ಗೊತ್ತಿರಲಿಲ್ಲ.

ಇದು ಒಂದು ಕಚೇರಿಯ ಕತೆಯಲ್ಲ. ಕೇಂದ್ರ ಜಲಶಕ್ತಿ ಸಚಿವಾಲಯ 2023ರಲ್ಲಿ ದೇಶದ ಮೊದಲ ಜಲಮೂಲ ಗಣತಿಯ ವರದಿ ಹೊರತಂದಿತು. ಕೆರೆ, ಕುಂಟೆ, ಕಟ್ಟೆ ಎಲ್ಲ ಸೇರಿ 24,24,540. ಅಷ್ಟು ದೊಡ್ಡ ಕೆಲಸ, ಮೆಚ್ಚಲೇಬೇಕು. ಒಡೆತನ ಯಾರದು, ಒತ್ತುವರಿಯಾಗಿದೆಯೇ, ನೀರು ಯಾತಕ್ಕೆ ಬಳಕೆ ಎಂಬುದೆಲ್ಲ ಅದರಲ್ಲಿದೆ. ಒಳಗೆ ಏನು ಈಜುತ್ತದೆ ಎಂಬುದು ಗಣತಿಯ ಉದ್ದೇಶವೇ ಆಗಿರಲಿಲ್ಲ.

ಅದೇ ಹುಲಿ ಕೇಳಿ. 2022ರ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 563. ಆನೆ? 2023ರಲ್ಲಿ 6,395. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನನ್ನ ಗೆಳತಿಗೆ ಇವೆರಡೂ ಬಾಯಿಪಾಠ. ಹುಲಿ ಎಣಿಸಲು ಕ್ಯಾಮೆರಾ ಇದೆ, ಸಿಬ್ಬಂದಿ ಇದ್ದಾರೆ, ನಾಲ್ಕು ವರ್ಷಕ್ಕೊಮ್ಮೆ ಎಣಿಸಬೇಕೆಂಬ ಶಿಸ್ತಿದೆ. ಎಣಿಸಿದ್ದಕ್ಕೇ ಅದು ಉಳಿದಿದೆ ಎಂದರೂ ಪೂರ್ತಿ ತಪ್ಪಾಗದು. ಕೆರೆಯ ಗೆಂಡೆ ಮೀನಿಗೆ, ನೀರುಹಾವಿಗೆ, ಕಪ್ಪೆಗೆ ಆ ಯೋಗವಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಪತ್ರಿಕೆಗಳ ತುಂಬ ಅದೇ ಫೋಟೊ. ಮೀನುಗಳು ಲೆಕ್ಕಕ್ಕೆ ಬಂದದ್ದು ಸತ್ತ ಮೇಲೆ.

ಇಂಟರ್ನೆಟ್ಟಿನಲ್ಲಿ ಹಕ್ಕಿ ವೀಕ್ಷಕರು ಹಾಕುವ ಪಟ್ಟಿಗಳನ್ನು ಜಾಲಾಡಿದೆ. ನನ್ನ ಕೆರೆಗೆ ಅಲ್ಲೊಂದು ಇಲ್ಲೊಂದು ಸಿಕ್ಕವು. ಯಾರೋ ದಾರಿಯಲ್ಲಿ ಹೋಗುತ್ತಾ ಹತ್ತು ನಿಮಿಷ ನಿಂತು ನೋಡಿದ್ದು. ಒಂದೇ ಕ್ರಮದಲ್ಲಿ, ವರ್ಷದ ಎಲ್ಲಾ ತಿಂಗಳೂ ನೋಡಿದ್ದು ನನಗೆ ಸಿಗಲಿಲ್ಲ. ಲಾಲ್‌ಬಾಗಿನದು ಹಾಗಲ್ಲ. 1972ರಲ್ಲಿ ಜೋಸೆಫ್ ಜಾರ್ಜ್ ಅವರು ಶುರುಮಾಡಿದ ಬೆಂಗಳೂರಿನ ಹಕ್ಕಿ ವೀಕ್ಷಕರ ಕ್ಲಬ್ಬಿನವರು ತಿಂಗಳ ಎರಡನೇ ಭಾನುವಾರ ಅಲ್ಲಿ ಸೇರುತ್ತಾ ಬಂದಿದ್ದಾರೆ. ಐವತ್ತು ವರ್ಷದ ನಡಿಗೆ. ಲಾಲ್‌ಬಾಗಿನಲ್ಲಿ ಡೇಟಾ ಇರುವುದು ಅಲ್ಲಿ ಹಕ್ಕಿ ಹೆಚ್ಚಿರುವುದರಿಂದ ಮಾತ್ರವಲ್ಲ, ಅಲ್ಲಿ ಜನ ನೋಡಿದ್ದರಿಂದ. ಮತ್ತು ಡೇಟಾ ಇದೆಯೆಂದು ಪ್ರತಿವರ್ಷ ನನ್ನಂಥ ವಿದ್ಯಾರ್ಥಿಗಳು ಅಲ್ಲಿಗೇ ಹೋಗುತ್ತಾರೆ. ಡೇಟಾ ಇನ್ನಷ್ಟು ಬೆಳೆಯುತ್ತದೆ. ಟಿನ್ ಫ್ಯಾಕ್ಟರಿಗೆ ಯಾರೂ ಬರುವುದಿಲ್ಲ, ಏಕೆಂದರೆ ಹಿಂದೆ ಯಾರೂ ಬಂದಿಲ್ಲ. ದುಡ್ಡಿದ್ದವನಿಗೇ ಸಾಲ ಸಿಗುವ ಹಾಗೆ.

ಇಲ್ಲಿ ನನಗೆ ತಡವಾಗಿ ಅರ್ಥವಾದ ಒಂದು ವಿಷಯ ಹೇಳಬೇಕು. ಲೆಕ್ಕದ ಹಾಳೆಯಲ್ಲಿ ಸೊನ್ನೆ ಬೇರೆ, ಖಾಲಿ ಮನೆ ಬೇರೆ. ಸೊನ್ನೆ ಎಂದರೆ ನೋಡಿದೆವು, ಇರಲಿಲ್ಲ. ಖಾಲಿ ಎಂದರೆ ನೋಡಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದಾಗ ಓಗೊಡದವನಿಗೂ, ಮೇಷ್ಟ್ರು ಹೆಸರನ್ನೇ ಕೂಗದೆ ಬಿಟ್ಟವನಿಗೂ ವ್ಯತ್ಯಾಸ ಇಲ್ಲವೇ? ಆದರೆ ನಕ್ಷೆ ಬರೆದು ಬಣ್ಣ ತುಂಬುವಾಗ ಎರಡೂ ಬಿಳಿಯಾಗಿಯೇ ಕಾಣುತ್ತವೆ. ಬಿಳಿ ಜಾಗ ನೋಡಿದವರು "ಇಲ್ಲೇನೂ ಇಲ್ಲ" ಎಂದು ಓದಿಕೊಳ್ಳುತ್ತಾರೆ. ರಸ್ತೆ, ಪೈಪು, ಲೇಔಟು ಹಾಕುವುದಕ್ಕೆ ಅಂಥ ಜಾಗಕ್ಕಿಂತ ಅನುಕೂಲ ಬೇಕೇ?

ಅದಕ್ಕೇ ಹಕ್ಕಿ ಗಣತಿಯಲ್ಲಿ 'ಪೂರ್ಣ ಪಟ್ಟಿ' ಎಂಬ ಪದ್ಧತಿ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಅಥವಾ ನಡೆದು, ಗುರುತು ಸಿಕ್ಕ ಎಲ್ಲಾ ಹಕ್ಕಿಗಳನ್ನೂ ಬರೆಯಬೇಕು. ಕಾಗೆ, ಪಾರಿವಾಳ ಕೂಡ. ಏನನ್ನೂ ಬಿಟ್ಟಿಲ್ಲ ಎಂದು ನೀವು ಟಿಕ್ ಹಾಕಿದರೆ, ಪಟ್ಟಿಯಲ್ಲಿಲ್ಲದ ಹಕ್ಕಿ ಆ ಹೊತ್ತಿಗೆ ಕಣ್ಣಿಗೆ ಬೀಳಲಿಲ್ಲ ಎಂದು ತಿಳಿಯಬಹುದು. ಅಂಥ ನೂರು ಪಟ್ಟಿ ಇದ್ದರೆ ಅದರಲ್ಲಿ ಎಷ್ಟರಲ್ಲಿ ಮಿಂಚುಳ್ಳಿ ಇದೆ ಎಂದು ನೋಡಿ, ವರ್ಷದಿಂದ ವರ್ಷಕ್ಕೆ ಏರಿತೋ ಇಳಿಯಿತೋ ಹೇಳಬಹುದು. ಇನ್‌ಸ್ಟಾಗ್ರಾಂನಲ್ಲಿ ಹಾಕುವ ಅಪರೂಪದ ಹಕ್ಕಿಯ ಸೊಗಸಾದ ಫೋಟೊಕ್ಕಿಂತ "ಕಾಗೆ 12, ಹದ್ದು 5, ಬೆಳ್ಳಕ್ಕಿ 3" ಎಂಬ ಸಪ್ಪೆ ಸಾಲಿಗೆ ಬೆಲೆ ಹೆಚ್ಚು ಎಂದು ಮೊದಲ ಸಲ ಕೇಳಿದಾಗ ನನಗೂ ನಂಬಿಕೆ ಬರಲಿಲ್ಲ.

ಇಂಥ ಪಟ್ಟಿಗಳನ್ನೇ ಕೂಡಿಸಿ 2023ರಲ್ಲಿ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ಬಂತು. ಸುಮಾರು 30,000 ವೀಕ್ಷಕರು, ಮೂರು ಕೋಟಿ ದಾಖಲೆ, 942 ಪ್ರಭೇದ. ಆದರೆ ಅಷ್ಟೆಲ್ಲ ಇದ್ದೂ, ದೀರ್ಘಕಾಲದಲ್ಲಿ ಏರಿದೆಯೋ ಇಳಿದಿದೆಯೋ ಎಂದು ಹೇಳಲು ಸಾಧ್ಯವಾದದ್ದು 338 ಪ್ರಭೇದಗಳ ಬಗ್ಗೆ ಮಾತ್ರ. ಆ 338ರಲ್ಲಿ ಶೇ 60ರಷ್ಟು ಇಳಿಮುಖ. ಉಳಿದ ಆರುನೂರು ಚಿಲ್ಲರೆ ಹಕ್ಕಿಗಳ ಪಾಡು? ಹೇಳಲು ಸಾಲುವಷ್ಟು ಮಾಹಿತಿಯಿಲ್ಲ. ಭಾರತದಲ್ಲಿ ಹಕ್ಕಿಗಳಷ್ಟು ಜನಪ್ರಿಯವಾದ ಜೀವಿಗಳೇ ಇಲ್ಲ. ಅವುಗಳ ಕತೆಯೇ ಹೀಗಾದರೆ ಜೇಡ, ಬಸವನಹುಳುಗಳ ಬಗ್ಗೆ ಮಾತನಾಡುವುದೇ ಬೇಡ.

ಗುಬ್ಬಚ್ಚಿ ವಿಷಯ ನಿಮಗೆಲ್ಲ ಗೊತ್ತಿದೆ. ಮೊಬೈಲ್ ಟವರಿನಿಂದ ಗುಬ್ಬಿಗಳು ನಾಶವಾದವು ಎಂದು ನಾನೂ ಪಿ.ಯು.ನಲ್ಲಿ ಭಾಷಣ ಮಾಡಿ ಸ್ಟೀಲ್ ಲೋಟ ಬಹುಮಾನ ಪಡೆದವಳೇ. ಅದೇ ವರದಿಯ 2020ರ ಆವೃತ್ತಿ ಬೇರೆಯೇ ಹೇಳುತ್ತದೆ: ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರ, ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮಾತ್ರ ನಿಧಾನ ಇಳಿಕೆ. ಕಾರಣದ ಬಗ್ಗೆ ನಾವು ಅಷ್ಟು ಜೋರಾಗಿ ಮಾತನಾಡುತ್ತಿದ್ದಾಗ ಸಂಖ್ಯೆಯೇ ಕೈಯಲ್ಲಿರಲಿಲ್ಲ. ಲೋಟ ಇನ್ನೂ ಮನೆಯಲ್ಲಿದೆ.

ಮರಗಳದು ಇನ್ನೊಂದು ಕತೆ. ಕೆರೆಗೆ ಹೋಗುವ ದಾರಿಯಲ್ಲಿ ಒಂದು ಸಾಲು ಹೊಂಗೆ, ಒಂದೆರಡು ಅರಳಿ, ಮಳೆಮರ. ಒಂದು ಸೋಮವಾರ ಬಂದು ನೋಡಿದರೆ ಕೆಲವು ಕಾಂಡಗಳ ಮೇಲೆ ಪೇಂಟಿನಲ್ಲಿ ನಂಬರು. ನನಗೆ ಖುಷಿಯಾಯಿತು: ಕೊನೆಗೂ ಯಾರೋ ಎಣಿಸಿದರಲ್ಲ! ಜೋಳ ಸುಡುವ ಅಕ್ಕ ನಕ್ಕರು. "ನಂಬರ್ ಹಾಕವ್ರೆ ಅಂದ್ರೆ ಕಡೀತಾರೆ ಕಣಮ್ಮ." ನಮ್ಮೂರಲ್ಲಿ ಮಗು ಹುಟ್ಟಿದರೆ ಹೆಸರು ಬರೆಸುತ್ತಾರೆ, ಇಲ್ಲಿ ಮರಕ್ಕೆ ಸಾಯುವಾಗ ನಂಬರು ಬರುತ್ತದೆ.

ಕಾನೂನು ಹೇಳುವುದು ಹೀಗಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವ ಮರಗಳ ಗಣತಿ ಮಾಡುವುದನ್ನು ಕರ್ತವ್ಯವೆಂದೇ ಬರೆದಿದೆ. ಕಾಯ್ದೆ ಬಂದಾಗ ನಮ್ಮಮ್ಮ ಹುಟ್ಟಿರಲಿಲ್ಲ. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂಬ ತಿದ್ದುಪಡಿಯೂ ಆಮೇಲೆ ಬಂತು. ಆದರೆ ಪ್ರಕಟಣೆ ಬಂದ ಮೇಲೆ ಕೈಗೆ ಸಿಗುವುದು ಕೆಲವೇ ದಿನ. ಅಷ್ಟರಲ್ಲಿ ಯಾವ ಮರದಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತದೆ, ಯಾವುದರಲ್ಲಿ ಬಾವಲಿ ನೇತಾಡುತ್ತದೆ ಎಂದು ಬರೆದುಕೊಡಲು ಯಾರ ಬಳಿ ಏನಿದೆ? "ಮರ ಕಡಿಯಬೇಡಿ" ಎಂಬ ಒಂದು ಸಾಲು ಬಿಟ್ಟರೆ ನಮ್ಮ ಅರ್ಜಿಯಲ್ಲಿ ಏನೂ ಇರುವುದಿಲ್ಲ.

ಸಂಖ್ಯೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಹಳೇ ಮದ್ರಾಸ್ ರಸ್ತೆಯನ್ನು ದಾಟಿಹೋಗಬೇಕಿರುವ ಪೆರಿಫೆರಲ್ ರಿಂಗ್ ರಸ್ತೆ ಸಾಕ್ಷಿ. ಅದರ ಮೊದಲ ಹಂತದ ಕಾಗದಪತ್ರಗಳಲ್ಲಿ ಕಡಿಯಬೇಕಾದ ಮರ ಕೆಲವು ನೂರು ಎಂದಿತ್ತು, ಮುಂದೆ ಅದು ಹದಿನಾರು ಸಾವಿರ ದಾಟಿತು. ಪರಿಸರ ಅನುಮತಿಗೆ ಬಳಸಿದ ಮಾಹಿತಿಯೂ ಹಳತಾಗಿತ್ತು. ಪ್ರಕರಣ ಹಸಿರು ನ್ಯಾಯಮಂಡಳಿ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಮಾರ್ಚಿನಲ್ಲಿ ಕೋರ್ಟು ಹೊಸದಾಗಿ ಪರಿಣಾಮ ಅಧ್ಯಯನ ಮಾಡಿಸಿ ಎಂದಿತು. ಆ ತೀರ್ಪು ಓದಿದಾಗ ನನಗೆ ಅನ್ನಿಸಿದ್ದು, ಇಲ್ಲಿ ಎರಡು ಸಂಖ್ಯೆಗಳಾದರೂ ಇದ್ದವು, ಹಾಗಾಗಿ ಅವು ಒಂದಕ್ಕೊಂದು ತಾಳೆಯಾಗದಿರುವುದು ಕಣ್ಣಿಗೆ ಬಿತ್ತು. ಒಂದೂ ಇಲ್ಲದ ಕಡೆ ಏನನ್ನು ಪ್ರಶ್ನಿಸುವುದು?

ಕೆರೆ ಏರಿಯ ಮೇಲೆ ದಿನಾ ಕೂರುವ ತಾತ ಒಬ್ಬರಿದ್ದಾರೆ. ಮೊದಲ ವಾರ ನನ್ನನ್ನು ಸರ್ವೆಯವಳೆಂದು ಅನುಮಾನಿಸಿ ಮಾತಾಡಲಿಲ್ಲ. ಬೈನಾಕ್ಯುಲರ್ ಕೊಟ್ಟು ನೋಡಿ ಎಂದ ಮೇಲೆ ಬಾಯಿ ಬಿಟ್ಟರು. ಹೆಜ್ಜಾರ್ಲೆಯನ್ನು ಅಷ್ಟು ಹತ್ತಿರದಿಂದ ನೋಡಿ ಮಗುವಿನ ಹಾಗೆ ನಕ್ಕರು. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಕುಚ್ಚು ಮೀನು, ಹಾವುಮೀನು, ಕುಟುಕಿದರೆ ಎರಡು ದಿನ ಜ್ವರ ಬರುವ ಚೇಳು ಮೀನು, ಮಳೆ ಬಿದ್ದ ಮರುದಿನ ಗದ್ದೆ ಬದುವಿನಲ್ಲಿ ಏಡಿ. ಗದ್ದೆಯೇ? ಹೌದು, ಟಿನ್ ಫ್ಯಾಕ್ಟರಿ ಪಕ್ಕದಲ್ಲಿ ಗದ್ದೆ.

"ಅದೆಲ್ಲ ಯಾವ ವರ್ಷ ತಾತ?"

"ವರ್ಷ ಯಾರಿಗೊತ್ತಮ್ಮ. ಇಂದಿರಾ ಗಾಂಧಿ ಸತ್ತ ವರ್ಷ ಕೋಡಿ ಹರಿದಿತ್ತು. ಹಾವುಮೀನು ಕಡೇಸಲ ಹಿಡ್ದಿದ್ದು... ನಮ್ ಅಣ್ಣಾವ್ರನ್ನ ವೀರಪ್ಪನ್ ಎತ್ಕೊಂಡು ಹೋಗಿದ್ನಲ್ಲ, ಬಸ್ಸಿಲ್ಲ ಏನಿಲ್ಲ, ಅವಾಗ ಕೆಲ್ಸ ಇಲ್ದೆ ಇಲ್ಲೇ ಕೂತಿದ್ದೆ. ಅವತ್ತು."

ಅಂದರೆ 1984. ಅಂದರೆ 2000ದ ಜುಲೈ ಕೊನೆ ಅಥವಾ ಆಗಸ್ಟ್. ತಿಂಗಳ ಮಟ್ಟಿಗೆ ಸಿಕ್ಕಿಬಿಟ್ಟಿತು! ಕಡತಗಳಲ್ಲಿ ಸಿಗದ ದಿನಾಂಕ ರಾಜ್‌ಕುಮಾರ್ ಅಪಹರಣದಿಂದ ಸಿಕ್ಕಿತು. ಕಾಲೇಜಿನಲ್ಲಿ ಇದನ್ನು ಹೇಳಿದಾಗ ಅರ್ಧ ಜನ ಚಪ್ಪಾಳೆ ತಟ್ಟಿದರು, ಇನ್ನರ್ಧ ಜನ "ಇದು ಡೇಟಾ ಅಲ್ಲ, ನೆನಪು" ಎಂದರು. ಇಬ್ಬರದೂ ಸರಿ. ತಾತ ಹೇಳುವ ಕುಚ್ಚು ಮೀನು ಯಾವ ಪ್ರಭೇದ ಎಂದು ಖಚಿತವಾಗಿ ಹೇಳಲು ಬರುವುದಿಲ್ಲ. ಎಷ್ಟಿತ್ತು ಎಂದರೆ "ಬೇಜಾನ್ ಇತ್ತು" ಎನ್ನುತ್ತಾರೆ. ಬೇಜಾನ್ ಎಂಬುದನ್ನು ಎಕ್ಸೆಲ್ ಶೀಟಿನಲ್ಲಿ ಹಾಕುವುದು ಹೇಗೆ? ಆದರೆ ಒಂದು ಮೀನು ಒಂದು ಕೆರೆಯಲ್ಲಿ ಇತ್ತು ಎಂಬುದಕ್ಕೆ ಅವರಿಗಿಂತ ದೊಡ್ಡ ದಾಖಲೆ ನನಗೆ ಸಿಗಲಿಲ್ಲ. 'ಮೌಖಿಕ, ಪರಿಶೀಲಿಸಿಲ್ಲ' ಎಂಬ ಬೇರೆಯದೇ ಕಾಲಂ ಮಾಡಿ ಹಾಕಿದೆ.

ಇಷ್ಟು ಹೊತ್ತು ಬೇರೆಯವರ ಹಾಳೆಯ ಖಾಲಿ ಮನೆಗಳ ಬಗ್ಗೆ ಹೇಳಿದೆ. ನನ್ನದರಲ್ಲಿ ಕಡಿಮೆಯೇ? ನನ್ನ ಎಲ್ಲಾ ಪಟ್ಟಿಗಳೂ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂಕಾಲರ ಒಳಗಿನವು. ಹಕ್ಕಿಗಳು ಚುರುಕಾಗಿರುವ ಆರು ಗಂಟೆ ನನ್ನ ಹಾಳೆಯಲ್ಲಿಲ್ಲ, ಏಕೆಂದರೆ ಆಗ ನಾನು ಮಾಲೂರು ಪ್ಲಾಟ್‌ಫಾರಂನಲ್ಲಿ ನಿಂತಿರುತ್ತೇನೆ. ಭಾನುವಾರವಿಲ್ಲ. ಪರೀಕ್ಷೆಯ ಎರಡು ತಿಂಗಳಿಲ್ಲ. ರಾತ್ರಿಯಂತೂ ಇಲ್ಲವೇ ಇಲ್ಲ. ಕತ್ತಲಾದ ಮೇಲೆ ಕೆರೆ ಏರಿಯ ಮೇಲೆ ಒಬ್ಬಳೇ ಹುಡುಗಿ ಟಾರ್ಚ್ ಹಿಡಿದು ನಿಲ್ಲುವುದನ್ನು ನನ್ನ ಮನೆಯಲ್ಲಿ ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ ನನಗೂ ಧೈರ್ಯವಿಲ್ಲ. ಜೀವವೈವಿಧ್ಯದ ಎಷ್ಟು ಮಾಹಿತಿ ಹೀಗೆ ರೈಲಿನ ಸಮಯ, ಅಪ್ಪನ ಫೋನು, ಬೀದಿದೀಪ ಇಲ್ಲದ ತಿರುವುಗಳಲ್ಲಿ ನಿಂತುಹೋಗುತ್ತದೋ! ಪ್ರಬಂಧಗಳಲ್ಲಿ ಇದನ್ನು 'ಅಧ್ಯಯನದ ಮಿತಿ' ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಒಂದೇ ಒಂದು ಸಂಜೆ ತಪ್ಪಿಹೋಯಿತು. ಜೂನ್ ತಿಂಗಳು, ಜೋರು ಮಳೆ, ಟಿನ್ ಫ್ಯಾಕ್ಟರಿಯಲ್ಲಿ ಮೊಣಕಾಲುದ್ದ ನೀರು. ಮೆಟ್ರೊ ಸ್ಟೇಷನ್ನಿನ ಕೆಳಗೆ ನಿಂತೆ. ರೈಲು ತಪ್ಪಿತ್ತು. ಹಾರ್ನ್‌ಗಳ ನಡುವೆ ಸ್ವಲ್ಪ ಬಿಡುವು ಸಿಕ್ಕಾಗ ಕೆರೆಯ ಕಡೆಯಿಂದ ಶಬ್ದ. ಒಂದಲ್ಲ, ನೂರಾರು ಗಂಟಲು ಒಟ್ಟಿಗೆ. ಮೊಬೈಲ್ ಎತ್ತಿ ಹಿಡಿದು ನಲವತ್ತು ಸೆಕೆಂಡ್ ರೆಕಾರ್ಡ್ ಮಾಡಿಕೊಂಡೆ. ಕಪ್ಪೆಗಳ ಮೇಲೆ ಪಿಎಚ್.ಡಿ. ಮಾಡುವ ಸೀನಿಯರ್ ಒಬ್ಬರಿಗೆ ಕಳಿಸಿದೆ. ಒಂದು ನಮ್ಮ ಮನೆಗಳ ಬಚ್ಚಲಿಗೂ ಬರುವ ಸಾಮಾನ್ಯ ಮರಗಪ್ಪೆ ಇರಬೇಕು, ಇನ್ನೊಂದನ್ನು ಬಸ್ಸಿನ ಸದ್ದಿನಲ್ಲಿ ಹೇಳಲಾಗದು, ಇನ್ನೊಮ್ಮೆ ಹೋಗಿ ಎಂದರು. ಇನ್ನೊಮ್ಮೆ ಹೋಗಲಾಗಲಿಲ್ಲ. ನನ್ನ ಪ್ರಾಜೆಕ್ಟಿನ ಕಪ್ಪೆ ಅಧ್ಯಾಯ ಆ ನಲವತ್ತು ಸೆಕೆಂಡ್.

ಕಪ್ಪೆ ಎಂದಾಗ ಬೆಂಗಳೂರಿನವರು ನೆನೆಯಬೇಕಾದ ಹೆಸರು ಸಿ.ಆರ್. ನಾರಾಯಣ ರಾವ್. ಈ ನೇರಳೆ ಮೆಟ್ರೊ ಹತ್ತಿದರೆ ಸೆಂಟ್ರಲ್ ಕಾಲೇಜಿನ ಪಕ್ಕದಲ್ಲೇ ಇಳಿಯಬಹುದು. ಅಲ್ಲಿ ಅವರು ಪ್ರಾಣಿಶಾಸ್ತ್ರ ಕಲಿಸಿದವರು, 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. 1937ರಲ್ಲಿ ಪಶ್ಚಿಮಘಟ್ಟದ ಹಲವು ಕಪ್ಪೆಗಳಿಗೆ ಹೆಸರಿಟ್ಟರು. ಚಿಕ್ಕಮಗಳೂರಿನ ಕೊಟ್ಟಿಗೆಹಾರದ ಹೆಸರು ಹೊತ್ತ, ಕಾಲು ಬೀಸಿ ಕುಣಿಯುವ ಕಪ್ಪೆಯೂ ಅವುಗಳಲ್ಲೊಂದು. ಹೊಸ ಪ್ರಭೇದಕ್ಕೆ ಹೆಸರಿಡುವಾಗ ಆ ಹೆಸರಿಗೆ ಸಾಕ್ಷಿಯಾಗಿ ಒಂದು ಜೀವಿಯನ್ನು ಬಾಟಲಿಯಲ್ಲಿ ಕಾಪಿಡುತ್ತಾರೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಬಾಟಲಿ ತೆಗೆದು ನೋಡಬೇಕು. ರಾವ್ ಅವರು ಕಾಲೇಜಿನಲ್ಲಿಟ್ಟಿದ್ದ ಆ ಮಾದರಿಗಳು ಕಳೆದುಹೋದವು. ಹೆಸರು ಉಳಿಯಿತು, ಸಾಕ್ಷಿ ಹೋಯಿತು. ಅವರು ಹೇಳಿದ ಕಪ್ಪೆ ಯಾವುದು ಎಂದು ಹೇಳಲು ದಶಕಗಳ ಬಳಿಕ ಸಂಶೋಧಕರು ಮತ್ತೆ ಆ ಹಳ್ಳಗಳಿಗೇ ಹೋಗಬೇಕಾಯಿತು. 1920ರಲ್ಲಿ ಅವರೇ ವಿವರಿಸಿದ್ದ ಕೊಡಗಿನ ಒಂದು ಇರುಳುಗಪ್ಪೆ ಮತ್ತೆ ಕಂಡದ್ದು 91 ವರ್ಷಗಳ ನಂತರ, 2011ರಲ್ಲಿ. ಆ 91 ವರ್ಷ ಕಪ್ಪೆ ಎಲ್ಲಿಗೂ ಹೋಗಿರಲಿಲ್ಲ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೇ ರಾವ್ ಅವರ ಹೆಸರು ಸೇರಿಸಿ 'ರಾವೋರ್ಕೆಸ್ಟಿಸ್' ಎಂದು ಕರೆದರು. ಒಳ್ಳೆಯ ಗೌರವ. ಬಾಟಲಿಗಳಿದ್ದಿದ್ದರೆ ಇನ್ನೂ ಒಳ್ಳೆಯದಿತ್ತು.

ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐ.ಯು.ಸಿ.ಎನ್.ನಲ್ಲಿ 'ಮಾಹಿತಿ ಸಾಲದು' ಎಂಬ ಪ್ರತ್ಯೇಕ ವರ್ಗವೇ ಇದೆ. ಅದರಲ್ಲಿ ಸಾವಿರಾರು ಪ್ರಭೇದಗಳು. ಅಪಾಯದಲ್ಲಿವೆ ಎಂದೂ ಅಲ್ಲ, ಕ್ಷೇಮ ಎಂದೂ ಅಲ್ಲ. ಹಣ ಹಂಚುವಾಗ, ಯೋಜನೆ ಮಾಡುವಾಗ ಇವು ಸಾಲಿನ ಕೊನೆಗೆ. 2022ರಲ್ಲಿ ಕಂಪ್ಯೂಟರ್ ಮಾದರಿ ಬಳಸಿ ನಡೆಸಿದ ಒಂದು ಅಧ್ಯಯನದ ಅಂದಾಜು: ಇವುಗಳಲ್ಲಿ ಅರ್ಧಕ್ಕೂ ಹೆಚ್ಚು ನಿಜಕ್ಕೂ ಅಪಾಯದಲ್ಲಿರಬಹುದು. ಕಪ್ಪೆಗಳಂಥ ಉಭಯಚರಗಳಲ್ಲಿ ಆ ಪ್ರಮಾಣ ಶೇ 85.

ಹಾಗಾದರೆ ಖಾಲಿ ಜಾಗ ತುಂಬುವ ಉಪಾಯವೇ ಇಲ್ಲವೇ? ಇದೆ, ಮಾಡಿಯೂ ತೋರಿಸಿದ್ದಾರೆ. ಮೈಸೂರಿನ ಹಕ್ಕಿ ವೀಕ್ಷಕರು 2014ರಿಂದ 16ರವರೆಗೆ ಇಡೀ ನಗರವನ್ನು ಚೌಕಗಳಾಗಿ ಕತ್ತರಿಸಿ ನಗರದ ಹಕ್ಕಿ ಅಟ್ಲಾಸ್ ಮಾಡಿದರು. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಇಡೀ ರಾಜ್ಯದ ಅಟ್ಲಾಸ್ ಮಾಡಿದರು; ಸುಮಾರು ಮೂರು ಲಕ್ಷ ದಾಖಲೆ. ಅಲ್ಲಿ ನನಗೆ ಇಷ್ಟವಾದದ್ದು, ಎಲ್ಲಿ ನೋಡಬೇಕು ಎಂಬುದನ್ನು ವೀಕ್ಷಕ ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ಚೌಕ ಬೀಳುತ್ತದೆ. ಬಿದ್ದದ್ದು ಕಾಡಾದರೂ ಸರಿ, ರಬ್ಬರ್ ತೋಟವಾದರೂ ಸರಿ, ಫ್ಯಾಕ್ಟರಿ ಗೇಟಾದರೂ ಸರಿ, ಹೋಗಿ ನಿಲ್ಲಬೇಕು. ಬೆಂಗಳೂರಿಗೆ ಅಂಥ ಚೀಟಿ ಹಾಕಿದರೆ ಟಿನ್ ಫ್ಯಾಕ್ಟರಿಗೂ ಒಬ್ಬರು ಬರಲೇಬೇಕಲ್ಲ ಎಂದು ನನ್ನ ಆಸೆ.

ವೈವಾ ದಿನ ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ಪರೀಕ್ಷಕರು ನನ್ನ ಪುಸ್ತಕ ತಿರುವಿದರು. "ತೀರ್ಮಾನ ಎಲ್ಲಮ್ಮ? ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ?" ಗೊತ್ತಿಲ್ಲ ಸರ್, ಇದು ಮೊದಲನೇ ವರ್ಷದ್ದು, ಇದರ ಜೊತೆ ಮುಂದೆ ಯಾರಾದರೂ ಹೋಲಿಸಬಹುದು ಎಂದೆ. ಲಾಲ್‌ಬಾಗ್ ಮಾಡಿದವರಿಗಿಂತ ಕಡಿಮೆ ಅಂಕ ಬಂತು. ಗೈಡ್ ಮಾತ್ರ ಹೊರಗೆ ಬಂದು, "ಆ ಕಚ್ಚಾ ಪಟ್ಟಿಗಳನ್ನೆಲ್ಲ ಅಪ್‌ಲೋಡ್ ಮಾಡಿದ್ಯಾ? ನಿನ್ನ ಲ್ಯಾಪ್‌ಟಾಪಲ್ಲೇ ಇಟ್ಕೋಬೇಡ" ಎಂದರು. ನಮ್ಮ ಲೈಬ್ರರಿಯ ಕಪಾಟಿನಲ್ಲಿ ಇಪ್ಪತ್ತು ವರ್ಷದ ಪ್ರಾಜೆಕ್ಟ್ ಪುಸ್ತಕಗಳು ಕಟ್ಟಿಟ್ಟು ಧೂಳು ತಿನ್ನುತ್ತಿವೆ. ಅವುಗಳಲ್ಲಿ ಎಷ್ಟು ಕೆರೆಗಳ ಪಟ್ಟಿ ಇದೆಯೋ. ನೀವು ಓದುವ ಕಾಲೇಜಿನಲ್ಲೂ ಒಂದು ಕಪಾಟು ಇರಬೇಕು, ಒಮ್ಮೆ ಬೀಗ ತೆಗೆಸಿ ನೋಡಿ.

ಓದು ಮುಗಿದು ಕೆಲಸ ಹುಡುಕುತ್ತಿದ್ದಾಗ ಒಂದು ಕನ್ಸಲ್ಟೆನ್ಸಿಯಲ್ಲಿ ಮೂರು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿತು. ಕಾಮಗಾರಿಗಳಿಗೆ ಪರಿಸರ ಪರಿಣಾಮ ವರದಿ ಮಾಡಿಕೊಡುವವರು. ಸಂಬಳ ಕಡಿಮೆ, ಆದರೆ ಅಪ್ಪನ ಟೆಂಪೊ ಸಾಲದ ಕಂತಿಗೆ ಆಗುತ್ತಿತ್ತು. ಮೊದಲ ದಿನವೇ ಒಬ್ಬರು ಹಿಂದಿನ ಯಾವುದೋ ವರದಿಯ ಎಕ್ಸೆಲ್ ಕಳಿಸಿದರು: "ಇದರಲ್ಲಿರೋ ಸ್ಪೀಶೀಸ್ ಎಲ್ಲಾ ಕಾಮನ್ನೇ. ಸೈಟ್ ಹೆಸರು ಚೇಂಜ್ ಮಾಡಿ, ಹೋಗಿ ಬಂದು ಒಂದೆರಡು ಸೇರಿಸು." ಮೂರು ದಿನ ಫೀಲ್ಡು. ಮೇ ತಿಂಗಳು.

2006ರ ಅಧಿಸೂಚನೆಯ ಪ್ರಕಾರ ಇಂಥ ಬಹುಪಾಲು ವರದಿಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು. ಧೂಳು, ಗಾಳಿ ಅಳೆಯುವುದಕ್ಕೆ ಅದರಲ್ಲಿ ಅರ್ಥವಿದೆ. ಮಳೆಯಲ್ಲಿ ಧೂಳು ಅಡಗಿರುತ್ತದೆ. ಆದರೆ ಕಪ್ಪೆ ಕೂಗುವುದು ಮಳೆಗಾಲದಲ್ಲಿ! ಬೇಸಿಗೆಯಲ್ಲಿ ಹೋಗಿ, ಹಗಲು ನೋಡಿ, 'ಉಭಯಚರಗಳು: ಇಲ್ಲ' ಎಂದು ಬರೆದರೆ ಯಾವ ನಿಯಮವೂ ಮುರಿದಂತಾಗುವುದಿಲ್ಲ.

ಮೂರು ದಿನ ಬಿಸಿಲಲ್ಲಿ ಸುತ್ತಿದೆ. ಕಂಡದ್ದನ್ನೆಲ್ಲ ಬರೆದೆ. ಹಳೆಯ ಪಟ್ಟಿಯಲ್ಲಿದ್ದು ನನಗೆ ಕಾಣದವುಗಳನ್ನು ತೆಗೆದೆ. ಕಪ್ಪೆ, ಬಾವಲಿ, ಗೂಬೆ, ಚಳಿಗಾಲದ ವಲಸೆ ಹಕ್ಕಿ ಇರುವ ಸಾಲುಗಳ ಮುಂದೆ 'ಇಲ್ಲ' ಎನ್ನುವ ಬದಲು 'ನೋಡಿಲ್ಲ' ಎಂದು ಹಾಕಿದೆ. ಟೀಮ್ ಲೀಡರ್ ಕರೆದರು. ಅವರೇನೂ ಕೆಟ್ಟವರಲ್ಲ, ಮಧ್ಯಾಹ್ನ ತಮ್ಮ ಊಟದ ಡಬ್ಬಿ ಹಂಚಿಕೊಳ್ಳುತ್ತಿದ್ದವರು. "ಹೀಗೆ ಖಾಲಿ ಬಿಟ್ರೆ ನಾವು ಕೆಲಸ ಮಾಡಿಲ್ಲ ಅನ್ಕೋತಾರೆ ಕಣಮ್ಮ" ಎಂದರು. ಮಳೆಗಾಲದಲ್ಲಿ ಇನ್ನೊಮ್ಮೆ ಹೋದರೆ ತುಂಬಬಹುದು ಎಂದೆ. "ಬಜೆಟ್ ಇಲ್ಲ" ಎಂದರು. ಅಳಿಸುತ್ತೇನೆಂದು ನಾನು ಹೇಳಲಿಲ್ಲ, ಅಳಿಸಬೇಡವೆಂದು ಅವರೂ ಹೇಳಲಿಲ್ಲ. ಫೈಲ್ ಹಾಗೇ ಕಳಿಸಿ ಬಂದೆ. ಅಂತಿಮ ವರದಿಯಲ್ಲಿ ಆ ಪದ ಉಳಿಯಿತೋ ಇಲ್ಲವೋ, ನನಗೆ ಯಾರೂ ತೋರಿಸಲಿಲ್ಲ. ಕಾಂಟ್ರ್ಯಾಕ್ಟ್ ಮುಗಿದ ಮೇಲೆ ಫೋನೂ ಬರಲಿಲ್ಲ.

ಈಗ ಒಂದು ಟ್ಯೂಷನ್ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದೇನೆ, ಕಸ್ತೂರಿ ನಗರದ ಹತ್ತಿರ. ರೈಲು ಅದೇ, ಪಾಸು ಅದೇ. ಶನಿವಾರ ಎಂಟೂವರೆಗೆ ಕೆರೆ ಏರಿಯ ಮೇಲೆ ನಿಲ್ಲುತ್ತೇನೆ. ಈ ಸಲ ಕಾಲೇಜಿನ ಜೂನಿಯರ್ ಒಬ್ಬಳು ಫೋನ್ ಮಾಡಿ, ಗೈಡ್ ನಿಮ್ಮ ಹೆಸರು ಹೇಳಿದರು, ಟಿನ್ ಫ್ಯಾಕ್ಟರಿಯದೇ ಮುಂದುವರಿಸಲಾ ಅಕ್ಕಾ ಎಂದಳು. ಅವಳ ಪಿ.ಜಿ. ಇರುವುದು ರಾಮಮೂರ್ತಿ ನಗರದಲ್ಲಿ. ಬೆಳಿಗ್ಗೆ ಆರಕ್ಕೆ ಬರಬಲ್ಲಳು. ಅವಳ ಅಣ್ಣ ಜೊತೆಗಿದ್ದರೆ ಮಳೆ ಬಿದ್ದ ರಾತ್ರಿಯೂ ಬರುತ್ತಾಳಂತೆ. ನನ್ನ ಹಾಳೆಗಳನ್ನು ಕೊಟ್ಟೆ. ತಾತನಿಗೂ ಪರಿಚಯಿಸಿದೆ. "ಇವಳೂ ಸರ್ವೆಯವಳೇನಾ?" ಎಂದು ಕೇಳಿದರು. ಬೈನಾಕ್ಯುಲರ್ ಕೊಟ್ಟೆವು.